ಎಡಗೆನ್ನೆ ಕಳೆದುಕೊಂಡ ಎಜೆಲ್

ನನ್ನ ಗಂಡ ಎಜೆಲ್ ಗ್ಯಾಡ್ಸನ್‌ಗೂ ಅವನ ಅವಳಿ ತಮ್ಮ ಕ್ಲೀವನ್‌ಗೂ ಇದ್ದ ವ್ಯತ್ಯಾಸ ಇಷ್ಟೇ: ಎಜೆಲ್‌ನ ಎಡಗೆನ್ನೆ ಕಪ್ಪು, ಕ್ಲೀವನ್‌ನ ಬಲಗೆನ್ನೆ ಕಪ್ಪು. ಹಾಗಂತ ಉಳಿದ ಕೆನ್ನೆಗಳು ಬಿಳಿ ಎಂದುಕೊಳ್ಳಬೇಡಿ. ಅಮೆರಿಕದ ಕೆರೊಲಿನಾದ ಈ ದ್ವೀಪದಲ್ಲಿ ನಾವೆಲ್ಲ ಕಪ್ಪೇ, ಗ್ಯಾಡ್ಸನ್‌ಗಳಂತೂ ಕಬ್ಬಿಣದ ಬಾಣಲೆಯ ಕಪ್ಪು. ಆ ಕಪ್ಪಿನ ಮೇಲೆ ಇನ್ನೊಂದು ಕಪ್ಪು ಕೂತಿತ್ತು, ಅಷ್ಟೆ.

ಕಾರಣ ಅವರ ಗಾಡಿ. ಮೀಸೆ ಬಂದಾಗಿನಿಂದ ಇಬ್ಬರೂ ಒಂದೇ ಹಳೇ ಪಿಕಪ್ ಗಾಡಿಯಲ್ಲಿ ಸೀಗಡಿ, ಬೆಂಡೆಕಾಯಿ, ಬೇಯಿಸಿದ ಕಡಲೆಕಾಯಿ ಮಾರುತ್ತಾ ದ್ವೀಪದ ರಸ್ತೆಗಳನ್ನೆಲ್ಲ ಸುತ್ತುತ್ತಿದ್ದರು. ಸ್ಟೀರಿಂಗ್ ಎಡಗಡೆ, ಅಲ್ಲಿ ಎಜೆಲ್. ಬಲಗಡೆ ಕ್ಲೀವನ್, ಅವನಿಗೆ ಗಾಡಿ ಓಡಿಸಲು ಬರುವುದಿಲ್ಲ, ಕಲಿಸಲು ಹೋದವರ ಜೊತೆ ಜಗಳವಾಡುತ್ತಾನೆ. ಎರಡು ಕಿಟಕಿಯ ಗಾಜುಗಳೂ ಒಮ್ಮೆ ಕೆಳಗಿಳಿದ ಮೇಲೆ ಮತ್ತೆ ಮೇಲಕ್ಕೆ ಬಂದಿರಲಿಲ್ಲ. ಆಯುಸ್ಸಿನ ಬಿಸಿಲೆಲ್ಲ ಒಬ್ಬನಿಗೆ ಎಡಗಡೆಯಿಂದ, ಇನ್ನೊಬ್ಬನಿಗೆ ಬಲಗಡೆಯಿಂದ ಬಿತ್ತು.

ದ್ವೀಪಕ್ಕೆ ಅದರಿಂದ ಅನುಕೂಲವೇ ಆಗಿತ್ತು. ಹೆತ್ತ ತಾಯಿಯೇ ಅವರನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿ ಹೆಸರು ಹಿಡಿದು ಕರೆಯುತ್ತಿದ್ದಳು. ಮಕ್ಕಳು ಎಡಮಾಮ, ಬಲಮಾಮ ಎನ್ನುತ್ತಿದ್ದರು. ಇಬ್ಬರೂ ಗಾಡಿಯಲ್ಲಿ ಎದುರಿನಿಂದ ಬಂದರೆ ಒಂದೇ ಅಗಲವಾದ ಮುಖ ಬಂದ ಹಾಗೆ ಕಾಣುತ್ತಿತ್ತು, ಎರಡಂಚು ಗಾಢ, ನಡುವೆ ತಿಳಿ. ನಾನು ಕೂಡ ಎಡಗೆನ್ನೆ ನೋಡಿ ಖಾತ್ರಿ ಮಾಡಿಕೊಂಡೇ ಮದುವೆಗೆ ಒಪ್ಪಿದವಳು.

ಹೋದ ವರ್ಷದ ಬೇಸಿಗೆಯಲ್ಲಿ ಎಜೆಲ್‌ನ ಎಡಗಿವಿಯ ಅಂಚಿನಲ್ಲಿ ಒಂದು ಹುಣ್ಣಾಯಿತು. ಒಣಗುತ್ತಿತ್ತು, ಹಕ್ಕಳೆ ಬೀಳುತ್ತಿತ್ತು, ಮತ್ತೆ ಆಗುತ್ತಿತ್ತು. ಕೆನ್ನೆಯ ಕಪ್ಪು ಮಸಿ ಚೆಲ್ಲಿದ ಹಾಗೆ ಕತ್ತಿಗೆ ಇಳಿಯಿತು.

“ಕೋಕೋ ಬೆಣ್ಣೆ ಹಚ್ಚು, ಹೋಗುತ್ತೆ,” ಎಂದ ಕ್ಲೀವನ್. ನಮ್ಮವರಿಗೆ ಕಾಲು ಮುರಿದರೂ ಕೋಕೋ ಬೆಣ್ಣೆಯೇ.

“ಮೂರು ತಿಂಗಳಿಂದ ಹಚ್ತಾ ಇದೀನಲ್ಲೋ. ಬೆಣ್ಣೆ ಸವರಿ ಬಿಸಿಲಿಗೆ ಕಳಿಸಿದ್ರೆ ನಿಮ್ಮಣ್ಣ ಹುರಿದ ಮೀನಾಗಿ ವಾಪಸ್ ಬರ್ತಾನೆ,” ಎಂದು ನಾನೇ ಅವನನ್ನು ಎಳೆದುಕೊಂಡು ಚಾರ್ಲ್ಸ್‌ಟನ್ ಪಟ್ಟಣಕ್ಕೆ ಹೋದೆ.

ಅಲ್ಲಿ ಚರ್ಮದ ಡಾಕ್ಟರು ಪಿಂಕ್ನಿ ಅಂತ, ನಮ್ಮವರೇ ಹೆಂಗಸು, ನನಗಿಂತ ಕಪ್ಪು, ಮುಖ ಮಾತ್ರ ತೊಳೆದಿಟ್ಟ ನೇರಳೆಹಣ್ಣು. ಕಿವಿ ನೋಡಿದರು, ಕೆನ್ನೆ ನೋಡಿದರು.

“ಬಿಸಿಲಿಗೆ ಹೋಗುವಾಗ ಏನು ಹಚ್ಕೋತೀರಿ?”

ಎಜೆಲ್ ನಕ್ಕ. “ನಾನಾ? ಡಾಕ್ಟ್ರೇ, ಮುಖ ನೋಡಿ ಕೇಳ್ತಾ ಇದೀರಾ? ಆ ಕ್ರೀಮು ಬೀಚಲ್ಲಿ ಬೇಯೋಕೆ ಬರೋ ಟೂರಿಸ್ಟ್‌ಗಳಿಗೆ. ನಮಗೆ ದೇವರೇ ಹಚ್ಚಿ ಕಳ್ಸಿದಾನೆ.”

“ಹಚ್ಚಿದಾನೆ, ಒಂದೇ ಪದರ,” ಎಂದರು ಡಾಕ್ಟರು. “ನಮ್ಮ ಚರ್ಮಾನೂ ಸುಡುತ್ತೆ ಮಿಸ್ಟರ್ ಗ್ಯಾಡ್ಸನ್. ಬಿಳಿಯರ ಹಾಗೆ ಕೆಂಪಾಗಲ್ಲ, ಅದಕ್ಕೇ ನಮಗೆ ತಿಳಿಯಲ್ಲ. ಬಿಸಿಯಾಗುತ್ತೆ, ಮುಟ್ಟಿದ್ರೆ ಉರಿಯುತ್ತೆ, ಆಮೇಲೆ ಮಚ್ಚೆ ಕೂರುತ್ತೆ. ಕ್ಯಾನ್ಸರ್‌ನಂಥ ಕೆಟ್ಟ ಹುಣ್ಣು ನಮ್ಮಲ್ಲಿ ಕಡಿಮೆ, ನಿಜ. ಬಂದ್ರೆ ಯಾರೂ ನೋಡಿರಲ್ಲ, ಅದೇ ಕಷ್ಟ.”

ಕಿವಿಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಕೆಟ್ಟದ್ದಲ್ಲ ಎಂದು ಬಂತು. ಆದರೆ ಕೆಟ್ಟದ್ದಾಗುವ ದಾರಿ ಹಿಡಿದಿತ್ತು. ಹುಣ್ಣನ್ನು ಪೂರ್ತಿ ತೆಗೆದುಹಾಕಿ, “ಇನ್ನು ಈ ಕಿವಿಗೆ ಬಿಸಿಲು ಬೀಳಬಾರದು. ಬಿದ್ರೆ ಮುಂದಿನ ಸಲ ನಾನು ಮಾತು ಕೊಡಲ್ಲ,” ಎಂದು ನನ್ನ ಮುಖ ನೋಡಿ ಹೇಳಿದರು. ಎಜೆಲ್‌ನ ಮುಖ ನೋಡಿ ಹೇಳಿ ಪ್ರಯೋಜನವಿಲ್ಲ ಎಂದು ಅವರಿಗೆ ಅಷ್ಟರಲ್ಲೇ ಗೊತ್ತಾಗಿತ್ತು.

ಅಂದಿನಿಂದ ಅವನ ಮುಖ ನನ್ನ ಕೆಲಸವಾಯಿತು. ಮೊದಲು ತಂದ ಕ್ರೀಮು ಬಿಳಿ. ಹಚ್ಚಿದೆ, ತಿಕ್ಕಿದೆ, ಮತ್ತೆ ತಿಕ್ಕಿದೆ. ನನ್ನ ಗಂಡ ಒಲೆಯಿಂದ ಬಗೆದು ತೆಗೆದ ಗೆಣಸಿನ ಹಾಗಾದ. ನಮ್ಮಲ್ಲಿ ಮೊಣಕೈ ಒಣಗಿ ಬೂದಿಯಾಗಿ ಕಂಡರೇ ಜನ ಅಪ್ಪ ಅಮ್ಮನ ಹೆಸರು ಹಿಡಿದು ಬೈಯುತ್ತಾರೆ. ಇವನು ಇಡೀ ಮುಖವೇ ಬೂದಿ ಮಾಡಿಕೊಂಡು ಗಾಡಿ ಹತ್ತಿದ. ಕ್ಲೀವನ್ ಇಳಿದುಬಿಟ್ಟ. “ಹೆಣದ ಪಕ್ಕ ಕೂತು ಸೀಗಡಿ ಮಾರಲ್ಲ ನಾನು. ಗಿರಾಕಿಗಳು ಸೀಗಡೀನೂ ಹಳೇದು ಅಂದ್ಕೋತಾರೆ.” ನಾನು ಡಾಕ್ಟರಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವರು ತಣ್ಣಗೆ, ಬಣ್ಣ ಬೆರೆಸಿದ್ದು ಸಿಗುತ್ತದೆ, ನಮ್ಮಂಥವರ ಮಚ್ಚೆಗೆ ಅದೇ ಹೆಚ್ಚು ಒಳ್ಳೆಯದು ಎಂದರು. ಅದು ಕಡುಕಂದು, ಚರ್ಮದಲ್ಲಿ ಮಾಯವಾಗುತ್ತಿತ್ತು. ಜೊತೆಗೆ ಅಗಲ ಅಂಚಿನ ಹುಲ್ಲಿನ ಟೋಪಿ, ಉದ್ದ ತೋಳಿನ ಅಂಗಿ. ಗಾಡಿಯ ಎಡಗಿಟಕಿಗೆ ನನ್ನ ಅಡುಗೆಮನೆಯ ಹಳದಿ ಪರದೆ. ಮಧ್ಯಾಹ್ನ ಮತ್ತೆ ಹಚ್ಚಬೇಕು. ಅವನು ಮರೆಯುತ್ತಾನೆಂದು ನಾನೇ ರಸ್ತೆ ತಿರುವಿನಲ್ಲಿ ಕಾದು, ಗಾಡಿ ನಿಲ್ಲಿಸಿ, ಕಿವಿ ಹಿಡಿದು ಹಚ್ಚುತ್ತಿದ್ದೆ.

ಕ್ಲೀವನ್‌ಗೆ ಇದು ಯಾವುದೂ ಸೇರಲಿಲ್ಲ. ಟೋಪಿಯ ಅಂಚು ಅವನ ಕಣ್ಣಿಗೆ ಚುಚ್ಚುತ್ತಿತ್ತಂತೆ. “ನಿನಗೂ ಹಚ್ತೀನಿ ಬಾರೋ,” ಎಂದರೆ ಬಲಗೆನ್ನೆಗೆ ಕೈ ಅಡ್ಡ ಹಿಡಿದು ಓಡಿಹೋಗುತ್ತಿದ್ದ.

ಚಳಿಗಾಲ ಕಳೆಯಿತು, ಮತ್ತೆ ಬೇಸಿಗೆ ಬಂತು. ಎಜೆಲ್‌ನ ಎಡಗೆನ್ನೆ ದಿನಕ್ಕೆ ಸಾಸಿವೆ ಕಾಳಿನಷ್ಟು ತಿಳಿಯಾಗುತ್ತಿತ್ತು. ಭಾನುವಾರ ಭಾನುವಾರ ಅವನು ಚರ್ಚಿನಲ್ಲಿ ಟೋಪಿ ತೆಗೆದು ಗಂಡಸರ ಗಾಯನದಲ್ಲಿ ಮಂದ್ರ ಹಾಡುತ್ತಿದ್ದ. ಯಾರ ಕಣ್ಣಿಗೂ ಏನೂ ಬೀಳಲಿಲ್ಲ. ಒಂದು ದಿನ ಎಲ್ಲರ ಕಣ್ಣಿಗೂ ಒಟ್ಟಿಗೇ ಬಿತ್ತು.

ಅಂದು ಚರ್ಚಿನ ಊಟದ ಮನೆಯಲ್ಲಿ ಶುಕ್ರವಾರದ ಮೀನು. ಬಡಿಸುತ್ತಿದ್ದವಳು ಡೆಲ್ಫೀನ್. ಊರಿನ ಸುದ್ದಿಯೆಲ್ಲ ಅವಳ ಹತ್ತಿರವೇ ಹುಟ್ಟುತ್ತದೆ. ಎಜೆಲ್‌ನ ಮುಖವನ್ನು ಎಡದಿಂದ ನೋಡಿದಳು, ಬಲದಿಂದ ನೋಡಿದಳು.

“ಅಯ್ಯೋ ಯೇಸುವೇ, ಗ್ಯಾಡ್ಸನ್ ಮುಖಾನೇ ಇದು! ಯಾವಾಗ ಬಂದ್ರಿ ಬ್ರದರ್? ಫಿಲಡೆಲ್ಫಿಯಾದಿಂದ ತಾನೇ?”

ಅವಳಿಗಳ ಚಿಕ್ಕಮ್ಮ ಒಬ್ಬಳು ಫಿಲಡೆಲ್ಫಿಯಾದಲ್ಲಿ ಇದ್ದು ಸತ್ತಳು. ಅವಳಿಗೆ ಮಕ್ಕಳಿರಲಿಲ್ಲ, ಅಕ್ಕನ ಹೆರಿಗೆಯಲ್ಲಿ ಹುಟ್ಟಿದ ಮೂರನೇ ಮಗುವನ್ನು ಎತ್ತಿಕೊಂಡು ಹೋದಳು ಎಂದು ಯಾವ ಕಾಲದ್ದೋ ಒಂದು ಗಾಳಿಮಾತು. ಎಜೆಲ್‌ನ ಬಾಯಿ ತುಂಬಾ ಮೀನು. ಡೆಲ್ಫೀನಳ ಚಿಮಟದಲ್ಲಿ ಇನ್ನೊಂದು ತುಂಡು ತೂಗುತ್ತಿತ್ತು. ಅವನು ತಲೆಯಾಡಿಸಿದ. ನನ್ನ ಗಂಡ ಒಂದು ತುಂಡು ಮೀನಿಗಾಗಿ ಹುಟ್ಟಿದ ಊರನ್ನೇ ಬದಲಿಸಿದ.

ಆ ಭಾನುವಾರ ನಮ್ಮ ರೆವರೆಂಡ್ ಚಿಸಮ್ ಎಂದಿನಂತೆ, “ಇವತ್ತು ನಮ್ಮ ಜೊತೆ ಹೊಸಬರು ಯಾರಾದ್ರೂ ಇದ್ರೆ ಎದ್ದು ನಿಲ್ಲಿ,” ಎಂದರು. ಇಡೀ ಚರ್ಚು ತಿರುಗಿ ಎಜೆಲ್‌ನನ್ನು ನೋಡಿತು. ಅವನು ಹಾಡುವವರ ಸಾಲಿನಲ್ಲಿ ತನ್ನ ಕುರ್ಚಿಯಲ್ಲಿ ಕೂತಿದ್ದ. ಬಂದವರಿಗೆ ಜಾಗ ತೋರಿಸುವ ಬಿಳಿ ಕೈಗವಸಿನ ಇಬ್ಬರು ಹೆಂಗಸರು ಬಂದು ಮೆಲ್ಲಗೆ ತೋಳು ಹಿಡಿದು ಎಬ್ಬಿಸಿದರು. “ಇಲ್ಲಿ ಬೇಡ ಬ್ರದರ್, ಇದು ಎಜೆಲ್ ಕೂರೋ ಜಾಗ. ಬಂದ್ರೆ ಬೇಜಾರು ಮಾಡ್ಕೋತಾನೆ.”

“ನಾನೇ ಎಜೆಲ್!” ಎಂದ.

ಎಲ್ಲರೂ ಸಂತೋಷದಿಂದ ನಕ್ಕರು. “ತಮಾಷೇನೂ ಥೇಟ್ ಎಜೆಲ್‌ನ ಹಾಗೇ!” ಎಂದು ಒಬ್ಬೊಬ್ಬರಾಗಿ ಬಂದು ತಬ್ಬಿಕೊಂಡರು. ನಾನು ಎದ್ದು ಕೂಗಿದೆ. ನಾನು ವಾರಕ್ಕೊಮ್ಮೆಯಾದರೂ ಎದ್ದು ಕೂಗುವವಳಾದ್ದರಿಂದ ಯಾರೂ ಕಿವಿಗೊಡಲಿಲ್ಲ.

“ಕ್ಲೀವನ್, ನೀನಾದ್ರೂ ಹೇಳೋ!”

ಕ್ಲೀವನ್ ಎದ್ದ. ಅಣ್ಣನನ್ನು ಬಹಳ ಹೊತ್ತು ನೋಡಿದ. “ನಮ್ಮಣ್ಣನ ಎಡಗೆನ್ನೆ ಕಪ್ಪು,” ಎಂದ. “ಇವರದ್ದು ಅಲ್ಲ.” ಕೂತುಬಿಟ್ಟ.

ಮನೆಗೆ ಬಂದ ಮೇಲೆ ಅವನ ಕಾಲರು ಹಿಡಿದೆ. “ಯಾಕೋ ಹಾಗಂದೆ, ಕತ್ತೆ?”

“ಅವನು ಅರ್ಧ, ನಾನು ಅರ್ಧ ಇದ್ವಿ ಲುವೀನಿಯಾ,” ಎಂದ, ಕಣ್ಣಲ್ಲಿ ನೀರು. “ನೀನು ಅವನನ್ನ ಪೂರ್ತಿ ಮಾಡ್ಬಿಟ್ಟೆ. ಈಗ ನಾನು ಯಾರ ಅರ್ಧ?”

ಕಾಲರು ಬಿಟ್ಟೆ.

ಮುಂದಿನದ್ದು ಹೇಳಿದರೆ ನೀವು ನಂಬುವುದಿಲ್ಲ, ಆದರೆ ನೀವು ನಮ್ಮ ದ್ವೀಪದವರಲ್ಲ. ಕ್ಷೌರದ ಅಂಗಡಿಯವನು ಎಜೆಲ್‌ನ ಸರದಿಯಲ್ಲಿ ಎಜೆಲ್‌ನನ್ನು ಕೂರಿಸಲಿಲ್ಲ. ಹೋದ ಮನೆಯಲ್ಲೆಲ್ಲ ಅವನಿಗೆ ಅತಿಥಿಯ ಊಟ, ಏಡಿಯ ದೊಡ್ಡ ಕೊಂಡಿ ಅವನ ತಟ್ಟೆಗೇ. ಅವನಿಗೆ ಹೆಸರೂ ಇಟ್ಟರು, ಆಮೋಸ್ ಎಂದು. ಯಾರು ಇಟ್ಟರೋ ಗೊತ್ತಿಲ್ಲ. ಅತ್ತ ಎಜೆಲ್ ಎಲ್ಲಿ ಹೋದ ಎಂದು ಹುಡುಕಾಟ ಶುರುವಾಯಿತು. ಇದ್ದಾಗ ಅವನ ಸೀಗಡಿ ಸಣ್ಣದು ಎಂದು ಜಗಳ ಕಾಯುತ್ತಿದ್ದವರೆಲ್ಲ ಈಗ ಎಂಥ ಮನುಷ್ಯ, ಎಂಥ ಸೀಗಡಿ ಎಂದು ಕಣ್ಣೊರೆಸಿಕೊಂಡರು. ಎಜೆಲ್ ಇದನ್ನು ಎದುರಿಗೆ ನಿಂತು ಕೇಳಿಸಿಕೊಂಡು ಒಂದೆರಡು ಸಲ ತಾನೂ ಅತ್ತ.

ಮೊದಲು ಅವನಿಗೆ ಹಿಡಿಸಿತು. ಆಮೇಲೆ ಏಡಿ ರುಚಿಸಲಿಲ್ಲ. ಭಾನುವಾರ ಭಾನುವಾರ ಅವನ ಕುರ್ಚಿ ಖಾಲಿ ಬಿಟ್ಟು ಹಾಡುತ್ತಿದ್ದರು. ಮಂದ್ರ ಬರಬೇಕಾದ ಜಾಗದಲ್ಲಿ ಎಲ್ಲರೂ ಸುಮ್ಮನೆ ತಡೆದು, ಆ ಮೌನ ಮುಗಿದ ಮೇಲೆ ಮುಂದಿನ ಸಾಲು ಎತ್ತುತ್ತಿದ್ದರು. ಎಜೆಲ್ ಅತಿಥಿಗಳ ಬೆಂಚಿನಲ್ಲಿ ಹಾಡಿನ ಪುಸ್ತಕ ಮುಚ್ಚಿಟ್ಟುಕೊಂಡು ಕೂತಿರುತ್ತಿದ್ದ. ಅತಿಥಿ ಹಾಡುವಂತಿಲ್ಲ.

ಅಷ್ಟರಲ್ಲಿ ಊರು ನನ್ನ ಕಡೆ ತಿರುಗಿತು. ಗಂಡ ಕಾಣೆ, ಮನೆಯಲ್ಲಿ ಮೈದುನ. ಊಟದ ಮನೆಯಲ್ಲಿ ಸಭೆ ಕರೆದರು. ಎದುರಿಗೆ ರೆವರೆಂಡ್ ಚಿಸಮ್, ಪಕ್ಕದಲ್ಲಿ ಚರ್ಚಿನ ಹಿರಿಯಮ್ಮ ಮದರ್ ಕೆಜಾಯ. ತೊಂಬತ್ತು ದಾಟಿದ ಮುದುಕಿ, ಹಿಂದೆ ಸೂಲಗಿತ್ತಿ, ನಮ್ಮನ್ನೆಲ್ಲ ಕಾಲು ಹಿಡಿದು ಎಳೆದು ಭೂಮಿಗೆ ತಂದವಳು.

“ಮದರ್, ನೀನೇ ಹೇಳು,” ಎಂದೆ. “ಗ್ಯಾಡ್ಸನ್ ಮನೇಲಿ ಎಷ್ಟು ಮಕ್ಕಳನ್ನ ಹಿಡಿದೆ?”

“ಎರಡು.”

“ಕೇಳಿದ್ರಾ?”

“ಮಧ್ಯೆ ಕಾಫಿ ಕುಡಿಯೋಕೆ ಹೋಗಿದ್ದೆ,” ಎಂದಳು ಮದರ್ ಕೆಜಾಯ. “ಆವಾಗ ಒಂದು ಬಂದಿದ್ರೆ ನಾನು ಜವಾಬ್ದಾರಿ ಅಲ್ಲ.”

ರೆವರೆಂಡ್ ಗಂಟಲು ಸರಿಮಾಡಿಕೊಂಡರು. “ಸಿಸ್ಟರ್ ಲುವೀನಿಯಾ, ಯಾರಿಗೂ ಅನ್ಯಾಯ ಆಗ್ಬಾರ್ದು. ಬರೋ ಭಾನುವಾರ ಇವರ ಮುಖ ತೊಳೆದು, ಟೋಪಿ ತೆಗೆದು, ಅದೇ ಗಾಡೀಲಿ ಅದೇ ಕಿಟಕಿ ಪಕ್ಕ ಕೂರಿಸೋಣ. ಎಜೆಲ್ ಆಗಿದ್ರೆ ಬಿಸಿಲಿಗೆ ತನ್ನ ಹಳೇ ಜಾಗ ಗೊತ್ತಿರುತ್ತೆ. ಎಡಗೆನ್ನೆ ಮೇಲೆ ಬಂದೇ ಬರುತ್ತೆ.”

“ಡಾಕ್ಟ್ರು ಬೇಡ ಅಂದಿದ್ದೇ ಅದನ್ನ! ನಿಮ್ಮ ಕಣ್ಣಿಗೆ ಗುರುತು ಸಿಗ್ಲಿ ಅಂತ ನನ್ನ ಗಂಡನ ಕಿವಿ ಸುಡ್ಬೇಕಾ ರೆವರೆಂಡ್?”

“ಆಗ್ಲಿ, ಕೂರ್ತೀನಿ,” ಎಂದ ಎಜೆಲ್.

ಮನೆಗೆ ಬರುವ ದಾರಿಯುದ್ದಕ್ಕೂ ಬೈದೆ. ಅವನು ಟೋಪಿಯನ್ನು ಮಡಿಲಲ್ಲಿಟ್ಟು ತಿರುಗಿಸುತ್ತಾ ಕೂತ. “ಎಷ್ಟು ದಿನ ಅತಿಥಿಯಾಗಿರ್ಲಿ ಲುವೀನಿಯಾ? ನನ್ನ ಕುರ್ಚೀಲಿ ಕೂತು ಹಾಡ್ಬೇಕು. ಸುಟ್ರೆ ಸುಡ್ಲಿ, ನನ್ನ ಹೆಸರು ನನಗೆ ಬೇಕು.”

“ಹೆಸರಿಗೆ ಹುಣ್ಣಾಗಲ್ಲ ಕಣೋ. ಕಿವಿಗೆ ಆಗುತ್ತೆ.”

“ನಿನಗೆ ಕಿವಿ ಚಿಂತೆ.”

“ನಿನ್ನ ಹೂಳೋ ದಿನ ಯಾವ ಹೆಸರು ಓದ್ತಾರೆ ಅನ್ನೋ ಚಿಂತೆ ನನಗಿಲ್ಲ. ಆ ದಿನ ಬೇಗ ಬರಬಾರ್ದು, ಅಷ್ಟೇ ನನ್ನ ಚಿಂತೆ.”

ಹಟಕ್ಕೆ ಬಿದ್ದ ಗ್ಯಾಡ್ಸನ್ ಜೊತೆ ವಾದ ಮಾಡುವುದೂ ಒಂದೇ, ಗೂಟದ ಜೊತೆ ವಾದ ಮಾಡುವುದೂ ಒಂದೇ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, ಮಧ್ಯಾಹ್ನದ ಬಿಸಿಲು ನೇರ ಎಡಗಿಟಕಿಗೆ ಬೀಳುವ ಹಾಗೆ ಗಾಡಿ ನಿಲ್ಲಿಸಿದರು. ನನ್ನ ಹಳದಿ ಪರದೆ ಕಿತ್ತರು. ಡೆಲ್ಫೀನ್ ಬೇಸಿನ್ನಿನಲ್ಲಿ ನೀರು ತಂದು ಅವನ ಮುಖವನ್ನು ಸೋಪು ಹಾಕಿ ತೊಳೆದಳು, ಕಿವಿಯ ಹಿಂದೆಯೂ ಬಿಡಲಿಲ್ಲ. ಎಜೆಲ್ ಸ್ಟೀರಿಂಗ್ ಹಿಡಿದು ಎದುರು ನೋಡುತ್ತಾ ಕೂತ. ಜುಲೈ ತಿಂಗಳು. ಗಾಡಿಯ ತಗಡಿನ ಮೇಲೆ ಮೊಟ್ಟೆ ಒಡೆದು ಹಾಕಿದ್ದರೆ ಬೇಯುತ್ತಿತ್ತು.

ಜನರೆಲ್ಲ ಓಕ್ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡರು. ಹೆಂಗಸರ ತಲೆಯ ಮೇಲೆ ಬಂಡಿಚಕ್ರದಷ್ಟು ಅಗಲದ ಭಾನುವಾರದ ಟೋಪಿಗಳು, ಕೈಯಲ್ಲಿ ಬೀಸಣಿಗೆ. ಯಾರೋ ನಿಂಬೆ ಪಾನಕ ಹಂಚಿದರು. ಆಗಾಗ ಒಬ್ಬರು ಓಡಿಹೋಗಿ ಅವನ ಕೆನ್ನೆ ನೋಡಿ, “ಇನ್ನೂ ಬಂದಿಲ್ಲ!” ಎಂದು ಕೂಗಿ, ಅಬ್ಬಾ ಏನು ಬಿಸಿಲು ಎನ್ನುತ್ತಾ ನೆರಳಿಗೆ ಓಡಿ ಬರುತ್ತಿದ್ದರು.

ನನ್ನ ತಲೆ ಕೆಟ್ಟಿತು. ಮರದ ಕೆಳಗೆ ಹೋಗಿ ನಿಂತೆ.

“ನೆರಳಲ್ಲಿ ಯಾಕೆ ಕೂತಿದೀರಿ ಎಲ್ರೂ? ನಮ್ಮ ಚರ್ಮಕ್ಕೆ ಬಿಸಿಲು ಏನೂ ಮಾಡಲ್ಲ ಅಲ್ವಾ? ಬನ್ನಿ ಈಚೆಗೆ! ತೆಗೀರಿ ಆ ಟೋಪಿಗಳನ್ನ! ರೆವರೆಂಡ್, ನೀವು ಮೊದಲು ಬನ್ನಿ, ಬೋಳುತಲೆ ತೋರ್ಸಿ!”

ರೆವರೆಂಡ್ ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡರು. ಮರದ ನೆರಳಿನಲ್ಲೂ ಛತ್ರಿ ಹಿಡಿಸಿಕೊಂಡು ಕೂತಿದ್ದ ಮದರ್ ಕೆಜಾಯಳತ್ತ ತಿರುಗಿದೆ. “ಮದರ್, ನಿನಗ್ಯಾಕೆ ನೆರಳಿನ ಮೇಲೆ ಇನ್ನೊಂದು ನೆರಳು?”

“ಬಿಸಿಲಲ್ಲಿ ಕೂತ್ರೆ ಸುಡುತ್ತೆ ಕಣೇ,” ಎಂದಳು ಮುದುಕಿ. “ಹುಡುಗಿ ಆಗಿದ್ದಾಗಿಂದ್ಲೂ ಛತ್ರಿ ಬಿಟ್ಟು ಹೊರಗೆ ಕಾಲಿಟ್ಟಿಲ್ಲ ನಾನು. ನೋಡು ಮುಖಾನ, ಒಂದು ಮಚ್ಚೆ ಇದ್ರೆ ತೋರ್ಸು.”

“ಮದರ್, ಮುಖ ಹೀಗಿರೋದು ಪ್ರಾರ್ಥನೆಯಿಂದ ಅಂತ ಹೇಳಿದ್ರಲ್ಲಾ!” ಎಂದಳು ಡೆಲ್ಫೀನ್.

“ಛತ್ರಿ ಕೆಳಗೆ ನಿಂತು ಪ್ರಾರ್ಥನೆ ಮಾಡ್ದೆ.”

ಅಷ್ಟರಲ್ಲಿ ಗಾಡಿಯಲ್ಲಿ ಎಜೆಲ್ ಕೈಯೆತ್ತಿ ಎಡಗಿವಿ ಮುಟ್ಟಿಕೊಂಡ. ಹಲ್ಲು ಕಚ್ಚಿದ. ನಾನು ಓಡಿದೆ. ನನಗಿಂತ ಮುಂಚೆ ಕ್ಲೀವನ್ ಓಡಿದ. ಎಡಗಿಟಕಿಗೆ ಬೆನ್ನು ಕೊಟ್ಟು, ತನ್ನ ದಪ್ಪ ಮೈಯನ್ನು ಅಗಲ ಮಾಡಿ ಬಿಸಿಲಿಗೆ ಅಡ್ಡ ನಿಂತ. ಬೆವರು ಹರಿಯುತ್ತಿತ್ತು.

“ಇವನು ಎಜೆಲ್ ಕಣ್ರೋ!” ಎಂದು ಕಿರುಚಿದ. “ನಮ್ಮಣ್ಣ. ನನಗೆ ಗೊತ್ತು. ಸಾಕು ನಿಲ್ಸಿ!”

“ಹೋದ ತಿಂಗಳು ಅಲ್ಲ ಅಂದೆಯಲ್ಲಾ ಕ್ಲೀವನ್?” ಎಂದರು ರೆವರೆಂಡ್.

“ಹೊಟ್ಟೆಕಿಚ್ಚಿಗೆ ಅಂದೆ.”

“ಈಗ ಕರುಣೆಗೆ ಅಂತಿದೀಯ,” ಎಂದಳು ಡೆಲ್ಫೀನ್. ಎಲ್ಲರೂ ತಲೆದೂಗಿದರು. ಎಷ್ಟು ಒಳ್ಳೆಯ ಮನಸ್ಸು ಈ ಕ್ಲೀವನ್‌ದು, ನಿನ್ನೆ ಮೊನ್ನೆ ಬಂದ ತಮ್ಮನಿಗಾಗಿ ದೇವರ ಅಂಗಳದಲ್ಲಿ ಸುಳ್ಳು ಹೇಳುತ್ತಿದ್ದಾನೆ ಎಂದು ಮಾತಾಡಿಕೊಂಡರು.

ನಾನು ಗಾಡಿಯ ಬಾಗಿಲು ತೆಗೆದು ಎಜೆಲ್‌ನ ಕಿವಿಗೆ ಒದ್ದೆ ಬಟ್ಟೆ ಒತ್ತಿದೆ. ಕಿವಿ ಕಾದ ಬಾಣಲೆಯಾಗಿತ್ತು. “ನೋಡು,” ಎಂದೆ ಮೆಲ್ಲಗೆ. “ಇವರ ಕಣ್ಣಿಗೆ ನೀನು ಎಜೆಲ್ ಆಗ್ಬೇಕಾದ್ರೆ ಪೂರ್ತಿ ಬೇಸಿಗೆ ಬೇಯಬೇಕು. ನಿನಗೇನು ಬೇಕು, ಹೆಸರಾ, ಹಾಡಾ?”

ಅವನು ಕಣ್ಣು ಮುಚ್ಚಿಕೊಂಡು ಯೋಚಿಸಿದ. “ಹಾಡು,” ಎಂದ.

“ಹಾಗಾದ್ರೆ ಇಳಿ.”

ಅವನ ತಲೆಗೆ ಟೋಪಿ ಹಾಕಿ, ಕೈ ಹಿಡಿದು ನೆರಳಿಗೆ ಕರೆದುಕೊಂಡು ಬಂದು ಸಭೆಯ ಎದುರು ನಿಲ್ಲಿಸಿದೆ. “ಇವನು ಆಮೋಸ್,” ಎಂದೆ. “ಒಪ್ಕೊಂಡೆ. ಈಗ ಇವನನ್ನ ಚರ್ಚಿಗೆ ಸೇರಿಸ್ಕೊಳ್ಳಿ. ಅತಿಥಿಯಾಗಿ ಅಲ್ಲ, ಸದಸ್ಯನಾಗಿ. ಸದಸ್ಯ ಆದ್ರೆ ಹಾಡಬಹುದು ತಾನೇ?”

“ಹಾಡಬಹುದು,” ಎಂದರು ರೆವರೆಂಡ್. “ಆದ್ರೆ ಸಿಸ್ಟರ್, ನೀವು ಇವರ ಜೊತೆ ಒಂದೇ ಮನೇಲಿ…”

“ಅಣ್ಣ ಇಲ್ದಿದ್ರೆ ಅಣ್ಣನ ಹೆಂಡ್ತೀನ ತಮ್ಮ ಮದುವೆ ಆಗ್ಬೇಕು, ಬೈಬಲ್ಲಲ್ಲಿ ಮೋಶೆ ಹೇಳಿದಾನೆ,” ಎಂದಳು ಮದರ್ ಕೆಜಾಯ. “ಮುಗೀತಲ್ಲ. ಪಾನಕ ಕೊಡಿ.”

“ಹಾಗಾದ್ರೆ ಮೊದಲ ಸರದಿ ನನ್ದು!” ಎಂದ ಕ್ಲೀವನ್. ನಾನು ತಿರುಗಿ ನೋಡಿದೆ. “ಬಿಟ್ಕೊಟ್ಟೆ,” ಎಂದ.

ಊಟದ ಮನೆಯಿಂದ ಪೊರಕೆ ತಂದು ನೆಲದ ಮೇಲೆ ಅಡ್ಡ ಇಟ್ಟರು. ನಮ್ಮ ಹಿರಿಯರ ಕಾಲದ ಮದುವೆ ಅದೇ, ಕೈ ಹಿಡಿದು ಪೊರಕೆ ದಾಟುವುದು. ನಾನು ನನ್ನ ಗಂಡನ ಕೈ ಹಿಡಿದು ಅವನನ್ನೇ ಎರಡನೇ ಸಲ ಮದುವೆಯಾದೆ. ಹಾರುವಾಗ ಅವನ ಮಂಡಿ ಲಟಕ್ಕೆಂದಿತು. ಮೊದಲ ಸಲ ಅಂದಿರಲಿಲ್ಲ.

ಮರುವಾರ ಗಾಯನದ ಮುಖ್ಯಸ್ಥ ಅವನನ್ನು ಪರೀಕ್ಷೆ ಮಾಡಿದ. ಎಜೆಲ್ ಎಜೆಲ್‌ನ ಸಾಲುಗಳನ್ನೇ ಹಾಡಿ ತೋರಿಸಿದ. “ಎಜೆಲ್‌ನಷ್ಟು ಇಲ್ಲ,” ಎಂದ ಮುಖ್ಯಸ್ಥ, “ಆದ್ರೂ ಪಳಗಿಸಬಹುದು. ಅವನು ವಾಪಸ್ ಬರೋ ತನಕ ಆ ಕುರ್ಚೀಲಿ ಕೂತ್ಕೊಳ್ಳಿ.”

ಆ ಭಾನುವಾರ ಮಂದ್ರ ಬರಬೇಕಾದ ಜಾಗದಲ್ಲಿ ಮಂದ್ರ ಬಂತು. ಬೆಂಚಿನ ಹಲಗೆ ನಡುಗಿ ನನ್ನ ಬೆನ್ನುಮೂಳೆಗೆ ತಾಗಿತು. ಕಿವಿಯ ಅಂಚಿನಲ್ಲಿ ಕ್ರೀಮು ಸರಿಯಾಗಿ ಕೂತಿದೆಯೇ ಎಂದು ನಾನು ಕೂತಲ್ಲಿಂದಲೇ ಕತ್ತು ಚಾಚಿ ನೋಡಿದೆ. ಕೂತಿತ್ತು.

ಪಕ್ಕದಲ್ಲಿ ಡೆಲ್ಫೀನ್ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. “ನಮ್ಮ ಎಜೆಲ್ ಇದನ್ನ ಕೇಳ್ಬೇಕಾಗಿತ್ತು ಕಣೇ ಲುವೀನಿಯಾ,” ಎಂದಳು.

ಅವಳು ಯಾವಾಗಲೂ ಪೂರ್ವದ ಕಿಟಕಿಯ ಪಕ್ಕವೇ ಕೂರುವವಳು. ಬೆಳಗಿನ ಬಿಸಿಲು ನೇರ ಅವಳ ಬಲಗೆನ್ನೆಗೆ ಬೀಳುತ್ತಿತ್ತು. ಅಲ್ಲಿ ಕಾಸಗಲದ ಒಂದು ಕಪ್ಪು ಆಗಲೇ ಕೂತಿದ್ದನ್ನು ನಾನು ಕಂಡೆ. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಕೈಚೀಲದಿಂದ ಟ್ಯೂಬು ತೆಗೆದು ಬೆರಳಿಗೆ ಹಿಂಡಿಕೊಂಡೆ.

“ಮುಖ ಈ ಕಡೆ ತಿರುಗ್ಸು ಡೆಲ್ಫೀನ್,” ಎಂದೆ.

ಅವಳು ಅಳುತ್ತಲೇ ತಿರುಗಿಸಿದಳು.